ಚತುಷ್ಪಾದಿಗಳೊಡನೆ ನಮ್ಮ ನಂಟು

ಕನ್ನಡದಲ್ಲಿ 'ಕಾಲು' ಎಂಬ ಮಾತಿಗೆ ಎರಡು ಅರ್ಥಗಳಿವೆ. ನಡೆಯುವ ಅಂಗವೂ ಕಾಲು. ಒಂದು ವಸ್ತುವನ್ನು ನಾಲ್ಕು ಸಮಪಾಲು ಮಾಡಿದಾಗ ದೊರೆಯುವ ಒಂದು ಪಾಲೂ ಕಾಲು. ಸಂಸ್ಕೃತದ 'ಪಾದ' ಶಬ್ದಕ್ಕೂ ಇವೇ ಎರಡು ಅರ್ಥಗಳು. ನಾಲ್ಕು ಕಾಲಿನ ಪಶುವಿನ ಒಂದು ಪಾದ ಅದರ ನಾಲ್ಕನೆಯ ಒಂದು ಭಾಗವಾದುದರಿಂದ ಪಾದವೆಂದರೆ ನಾಲ್ಕನೆಯ ಒಂದು ಪಾಲೆಂಬ ಅರ್ಥ ಬಂದಿತೆಂದು ನಿಘಂಟುಕಾರರು ಹೇಳುತ್ತಾರೆ. ಕನ್ನಡದ ಕಾಲಿಗೂ ಅದೇ ನ್ಯಾಯ ಸಲ್ಲುವಂತೆ ತೋರುತ್ತದೆ. ಎರಡು ಕಾಲಿನ ಮನುಷ್ಯನನ್ನು ಮುಂದಿಟ್ಟುಕೊಂಡು ಈ ಲೆಕ್ಕ ಹುಟ್ಟಿದ್ದರೆ ಕಾಲೆಂದರೆ ಅರ್ಧವಾಗಬೇಕಾಗಿತ್ತು. ಹಾಗಾಗಲಿಲ್ಲ. ನಾವು ದಿನವೂ ಅಂಗಡಿಯಲ್ಲಿ ಕಾಲು ಕಿಲೋ ಬೇಳೆ ಕೇಳುವಾಗ, ನಮಗರಿವಿಲ್ಲದೆಯೇ, ಹಟ್ಟಿಯಲ್ಲಿ ನಿಂತಿರುವ ದನವನ್ನು ಅಳತೆಗೋಲಾಗಿ ಬಳಸುತ್ತಿರುತ್ತೇವೆ.

ವಿಜ್ಞಾನಿಗಳೂ ಇದೇ ಮಾತನ್ನು ಆಯ್ದುಕೊಂಡಿದ್ದಾರೆ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ನಾಲ್ಕು ಅವಯವಗಳುಳ್ಳ ಮಹಾಸಮೂಹಕ್ಕೆ 'ಟೆಟ್ರಾಪೋಡಾ' ಎಂಬ ಹೆಸರಿದೆ. ಗ್ರೀಕ್ ಭಾಷೆಯಲ್ಲಿ 'ಟೆಟ್ರಾ' ಎಂದರೆ ನಾಲ್ಕು, 'ಪೋಡ್' ಎಂದರೆ ಪಾದ. ನಮ್ಮ ಶಾಲಾಪುಸ್ತಕಗಳಲ್ಲಿ ಇದನ್ನು 'ಚತುಷ್ಪಾದಿಗಳು' ಎಂದು ಬರೆದಿರುತ್ತಾರೆ. ಇದು ಕೇವಲ ಅನುವಾದವಲ್ಲ. ಗ್ರೀಕಿನ 'ಟೆಟ್ರಾ' ಮತ್ತು ಸಂಸ್ಕೃತದ 'ಚತುರ್', ಗ್ರೀಕಿನ 'ಪೋಡ್' ಮತ್ತು ಸಂಸ್ಕೃತದ 'ಪದ್' ಒಂದೇ ಮೂಲದಿಂದ ಒಡೆದು ಬಂದ ಶಬ್ದಗಳೆಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ಉಚ್ಚಾರಣೆ ಬೇರೆಯಾಗಿ ಕೇಳಿಸಿದರೂ ಅವು ಒಂದೇ ಮನೆಯ ಮಾತುಗಳು. ಹೊರನೋಟಕ್ಕೆ ಬೇರೆಯಾಗಿ ಕಾಣುವುದು ಮೂಲದಲ್ಲಿ ಒಂದಾಗಿರಬಹುದು ಎಂಬುದೇ ಈ ಲೇಖನದ ವಿಷಯವೂ ಆಗಿದೆ.

ಈ ಚತುಷ್ಪಾದಿಗಳ ಬಳಗದಲ್ಲಿ ಯಾರು ಯಾರು ಇದ್ದಾರೆ? ಕಪ್ಪೆ ಮೊದಲಾದ ಉಭಯವಾಸಿಗಳು, ಹಲ್ಲಿ, ಆಮೆ, ಮೊಸಳೆ, ಹಾವು ಮೊದಲಾದ ಸರೀಸೃಪಗಳು, ಎಲ್ಲ ಹಕ್ಕಿಗಳು, ಎಲ್ಲ ಸ್ತನಿಗಳು. ಸ್ತನಿಗಳೊಡನೆ ನಾವೂ ಸಹ. ಇಂದು ಬದುಕಿರುವ ಇಂಥ ಜಾತಿಗಳ ಸಂಖ್ಯೆ 30,000ವನ್ನು ಮೀರುತ್ತದೆ. ಪ್ರಾಚೀನ ಗ್ರೀಸಿನ ಅರಿಸ್ಟಾಟಲನು ಇದೇ ಶಬ್ದವನ್ನು ಬಳಸಿದಾಗ ಅದರ ಅರ್ಥ ನೇರವಾಗಿತ್ತು: ನಾಲ್ಕು ಕಾಲ ಮೇಲೆ ನಡೆಯುವುದು ಚತುಷ್ಪಾದಿ. ಅವನ ಎಣಿಕೆಯಲ್ಲಿ ಹಾವು ಪಾದವಿಲ್ಲದ್ದು, ಹಕ್ಕಿ ಎರಡು ಪಾದದ್ದು. ಇಂದಿನ ವಿಜ್ಞಾನದಲ್ಲಿ ಹಾವೂ ಚತುಷ್ಪಾದಿ, ನವಿಲೂ ಚತುಷ್ಪಾದಿ, ಕಡಲಲ್ಲಿ ಈಜುವ ತಿಮಿಂಗಿಲವೂ ಚತುಷ್ಪಾದಿ. ಶಬ್ದ ಅದೇ ಉಳಿಯಿತು, ಅದರ ಅರ್ಥ ಮಾತ್ರ ಆಳಕ್ಕಿಳಿಯಿತು.

ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನ ಸೀಮೆಯಲ್ಲಿ ನಮ್ಮ ಹೊಲಮನೆಗಳಿವೆ. ವೃತ್ತಿಯಿಂದ ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕನಾಗಿದ್ದವನು. ಈ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತಿತ್ತು. "ಹಾವಿಗೆ ಒಂದೂ ಕಾಲಿಲ್ರೀ ಸರ್, ಅದು ಹೆಂಗ ಚತುಷ್ಪಾದಿ ಆಗತೈತ್ರಿ?" ರೈತರ ಮಕ್ಕಳು ಕಣ್ಣಿಗೆ ಕಂಡುದನ್ನು ಬಿಟ್ಟು ಪುಸ್ತಕದ ಮಾತನ್ನು ಸುಲಭವಾಗಿ ನಂಬುವವರಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಮೊದಲು ಕಾಲು ಎಂದರೇನೆಂಬುದನ್ನು ತೋರಿಸಬೇಕಾಗುತ್ತಿತ್ತು.

ಅದಕ್ಕಾಗಿ ಒಂದು ಪೆಟ್ಟಿಗೆಯಲ್ಲಿ ಮೂಳೆಗಳನ್ನು ಕೂಡಿಟ್ಟಿದ್ದೆ. ವಯಸ್ಸಾಗಿ ತಾನಾಗಿ ಸತ್ತ ಎತ್ತಿನ ಮುಂಗಾಲು, ಆಲದ ಮರದಡಿ ಬಿದ್ದು ಒಣಗಿದ ಬಾವಲಿಯ ರೆಕ್ಕೆ, ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದಲ್ಲಿ ದೊರೆತ ಕಪ್ಪೆಯ ಅಸ್ಥಿ, ಇಷ್ಟೇ ನನ್ನ ಸಾಮಗ್ರಿ. ಪಾಠಕ್ಕಾಗಿ ಒಂದು ಜೀವವನ್ನೂ ಕೊಯ್ಯಬೇಕಾಗಿರಲಿಲ್ಲ. ಕಾಲೇಜುಗಳಲ್ಲಿ ಕಪ್ಪೆ ಕೊಯ್ಯಬೇಕಾಗುತ್ತದೆಂಬ ಭಯದಿಂದ ಎಷ್ಟೋ ಜೈನ ಮನೆತನಗಳವರು ತಮ್ಮ ಮಕ್ಕಳನ್ನು ಜೀವಶಾಸ್ತ್ರದಿಂದ ದೂರವಿರಿಸುತ್ತಿದ್ದ ಕಾಲವಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಈ ಪದ್ಧತಿಯನ್ನು ಹಂತಹಂತವಾಗಿ ಕೈಬಿಡುವಂತೆ ಸೂಚಿಸಿ, 2014ರಲ್ಲಿ ಪ್ರಾಣಿಶಾಸ್ತ್ರದ ಪಠ್ಯಕ್ರಮಗಳಿಂದ ಅದನ್ನು ತೆಗೆದುಹಾಕಲು ಹೇಳಿತು. ಪ್ರಾಣಿಯೊಡನೆ ನಮಗಿರುವ ಸಂಬಂಧವನ್ನು ತಿಳಿಯಲು ಆ ಪ್ರಾಣಿಯನ್ನು ಕೊಲ್ಲಬೇಕಾಗಿಲ್ಲವೆಂಬ ಮಾತು ಕೊನೆಗೂ ಮಾನ್ಯವಾಯಿತು.

ಆ ಮೂಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇರಿಸಿ, ವಿದ್ಯಾರ್ಥಿಗಳಿಗೆ ತಮ್ಮ ತಮ್ಮ ತೋಳನ್ನು ಮುಟ್ಟಿ ನೋಡಲು ಹೇಳುತ್ತಿದ್ದೆ. ಭುಜದಿಂದ ಮೊಣಕೈಯವರೆಗೆ ಒಂದೇ ಮೂಳೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು. ಮಣಿಕಟ್ಟಿನಲ್ಲಿ ಹರಳಿನಂಥ ಹಲವು ಸಣ್ಣ ಮೂಳೆಗಳು. ಅಲ್ಲಿಂದ ಮುಂದೆ ಬೆರಳುಗಳು. ಒಂದು, ಎರಡು, ಹಲವು, ಬೆರಳು: ಈ ಕ್ರಮ ಮನುಷ್ಯನಲ್ಲಿರುವಂತೆಯೇ ಬಾವಲಿಯಲ್ಲಿದೆ, ಕಪ್ಪೆಯಲ್ಲಿದೆ, ಎತ್ತಿನಲ್ಲಿದೆ. ಬಾವಲಿಯ ಬೆರಳುಗಳು ಕೊಡೆಯ ಕಡ್ಡಿಗಳಂತೆ ಉದ್ದವಾಗಿ ರೆಕ್ಕೆಯ ತೊಗಲನ್ನು ಹೊತ್ತಿವೆ. ಕಪ್ಪೆಯ ಮುಂಗೈಯ ಎರಡು ಮೂಳೆಗಳು ಬೆಸೆದು ಒಂದಾಗಿದ್ದರೂ ನಡುವೆ ಗೆರೆ ಉಳಿದಿದೆ. ಎತ್ತಿನ ಮುಂಗಾಲಿನಲ್ಲಿ ನಾವು ಮೊಣಕಾಲೆಂದು ಕರೆಯುವುದು ನಿಜವಾಗಿ ಅದರ ಮಣಿಕಟ್ಟು; ಅದರ ಕೆಳಗಿರುವುದು ಅಂಗೈ; ಗೊರಸು ಬೆರಳ ತುದಿಯ ಉಗುರು.

ಎತ್ತಿಗೆ ಲಾಳ ಹೊಡೆಯುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕುದುರೆಯ ಒಂದು ಪಾದಕ್ಕೆ ಒಂದೇ ಲಾಳ. ಎತ್ತಿನ ಒಂದು ಪಾದಕ್ಕೆ ಎರಡು. ನಾಲ್ಕು ಪಾದಕ್ಕೆ ಎಂಟು. ಏಕೆಂದರೆ ಕುದುರೆ ನಡುಬೆರಳೊಂದರ ಮೇಲೆ ನಿಂತ ಪ್ರಾಣಿ, ಎತ್ತು ನಡುಬೆರಳು ಮತ್ತು ಉಂಗುರದ ಬೆರಳು ಎಂಬೆರಡರ ಮೇಲೆ ನಿಂತ ಪ್ರಾಣಿ. ಎತ್ತಿನ ಗೊರಸಿನ ಹಿಂಭಾಗದಲ್ಲಿ ನೆಲಕ್ಕೆ ತಾಗದೆ ಇರುವ ಎರಡು ಸಣ್ಣ ಗಂಟುಗಳು ಅದರ ತೋರುಬೆರಳು ಮತ್ತು ಕಿರುಬೆರಳಿನ ಶೇಷಗಳು. ಲಾಳ ಹೊಡೆಯುವವನು ತಿಳಿದೋ ತಿಳಿಯದೆಯೋ ಪ್ರಾಣಿಯ ಬೆರಳುಗಳನ್ನು ಎಣಿಸುತ್ತಲೇ ಬಂದಿದ್ದಾನೆ. ನಮ್ಮ ಸೀಮೆಯ ಚಿಗರಿಯೂ, ಅಂದರೆ ಕೃಷ್ಣಮೃಗವೂ, ಅದೇ ಎರಡು ಬೆರಳುಗಳ ತುದಿಯ ಮೇಲೆ ಗಾಳಿಯಂತೆ ಓಡುತ್ತದೆ.

ಈ ಕ್ರಮ ಎಲ್ಲಿಂದ ಬಂತು? ಭೂಮಿಯ ಹಳೆಯ ಶಿಲಾಸ್ತರಗಳಲ್ಲಿ ಅದರ ಸಾಕ್ಷ್ಯ ದೊರೆತಿದೆ. ಕೆನಡಾದ ಉತ್ತರದಂಚಿನ ಎಲ್ಸ್‌ಮಿಯರ್ ದ್ವೀಪದಲ್ಲಿ 2004ರಲ್ಲಿ ದೊರೆತು 2006ರಲ್ಲಿ ಪ್ರಕಟವಾದ 'ಟಿಕ್ಟಾಲಿಕ್' ಎಂಬ ಜೀವಿಯ ಅವಶೇಷ ಸುಮಾರು 37.5 ಕೋಟಿ ವರ್ಷಗಳಷ್ಟು ಹಳೆಯದು. ಅದಕ್ಕೆ ಮೀನಿನಂತೆ ಹುರುಪೆಯೂ ಈಜುರೆಕ್ಕೆಯೂ ಇದ್ದವು. ಆದರೆ ಆ ಈಜುರೆಕ್ಕೆಯೊಳಗೆ ತೋಳು, ಮೊಣಕೈ, ಮಣಿಕಟ್ಟುಗಳ ಮೊದಲ ರೂಪವಿತ್ತು. ಗ್ರೀನ್‌ಲೆಂಡಿನಲ್ಲಿ ದೊರೆತ 'ಅಕಾಂತೊಸ್ಟೆಗ' ಎಂಬುದಕ್ಕೆ ನಿಜವಾದ ಬೆರಳುಗಳೇ ಇದ್ದವು. ಒಂದು ಕೈಯಲ್ಲಿ ಎಂಟು. ಅಂದರೆ ಐದು ಬೆರಳೆಂಬುದು ಮೊದಲಿನಿಂದ ಸಿದ್ಧವಾಗಿದ್ದ ಸಂಖ್ಯೆಯಲ್ಲ, ಕಾಲಕ್ರಮದಲ್ಲಿ ನೆಲೆಗೊಂಡದ್ದು. ಆ ಹಳೆಯ ಜೀವಿಗಳ ಸಂತತಿಯೇ ಇಂದಿನ ಕಪ್ಪೆ, ಹಾವು, ಹಕ್ಕಿ, ಹಸು, ಮನುಷ್ಯ.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಹಾವಿನ ಪೂರ್ವಜರಿಗೆ ಕಾಲುಗಳಿದ್ದವು. ಅರ್ಜೆಂಟೀನಾದಲ್ಲಿ ದೊರೆತು 2006ರಲ್ಲಿ ಪ್ರಕಟವಾದ 'ನಜಾಶ್' ಎಂಬ ಪ್ರಾಚೀನ ಹಾವಿಗೆ ಹಿಂಗಾಲುಗಳಿದ್ದುದು ಸ್ಪಷ್ಟವಾಗಿದೆ. ನಮ್ಮ ಹೆಬ್ಬಾವಿನ ಬಾಲದ ಬುಡದಲ್ಲಿ ಇಂದಿಗೂ ಎರಡು ಸಣ್ಣ ಉಗುರುಗಳುಂಟು. ಅವು ಕಳೆದುಹೋದ ಹಿಂಗಾಲಿನ ಗುರುತು. ತಿಮಿಂಗಿಲದ ಕಥೆಯೂ ಹೀಗೆಯೇ. ಭೂವಿಜ್ಞಾನಿ ಎ. ರಂಗರಾವ್ ಅವರು ಜಮ್ಮು ಕಾಶ್ಮೀರದ ಕಾಲಾಕೋಟ್ ಪ್ರದೇಶದಿಂದ ಸಂಗ್ರಹಿಸಿಟ್ಟಿದ್ದ ಶಿಲೆಗಳೊಳಗೆ 'ಇಂಡೊಹಯಸ್' ಎಂಬ ಪುಟ್ಟ ಪ್ರಾಣಿಯ ಮೂಳೆಗಳಿದ್ದವು. ಅದು ಗೊರಸುಗಳುಳ್ಳ, ಬೆಕ್ಕಿನಷ್ಟು ಗಾತ್ರದ, ಜಿಂಕೆಯನ್ನು ಹೋಲುವ ಪ್ರಾಣಿ. 2007ರಲ್ಲಿ ಪ್ರಕಟವಾದ ಅಧ್ಯಯನವು ಅದನ್ನು ತಿಮಿಂಗಿಲಗಳ ಸಮೀಪದ ಬಂಧುವೆಂದು ತೋರಿಸಿತು. ಕಡಲಿಗಿಳಿದ ಬಳಿಕ ತಿಮಿಂಗಿಲ ಹಿಂಗಾಲನ್ನು ಕಳೆದುಕೊಂಡಿತು. ಅದರ ದೇಹದೊಳಗೆ ಸೊಂಟದ ಮೂಳೆಯ ತುಣುಕು ಮಾತ್ರ ಉಳಿಯಿತು.

ಇದನ್ನೆಲ್ಲ ಮಕ್ಕಳಿಗೆ ಮನವರಿಕೆ ಮಾಡಲು ನಾನು ನಮ್ಮ ಕಡೆಯ ಅಡ್ಡಹೆಸರುಗಳ ಉದಾಹರಣೆ ಕೊಡುತ್ತಿದ್ದೆ. ಉತ್ತರ ಕರ್ನಾಟಕದಲ್ಲಿ ಊರಿನ ಹೆಸರೇ ಮನೆತನದ ಹೆಸರಾಗುವುದು ರೂಢಿ. 'ಕುಪ್ಪೇಲೂರ' ಎಂಬ ಅಡ್ಡಹೆಸರಿನ ಒಬ್ಬರು ಹುಬ್ಬಳ್ಳಿಯಲ್ಲಿ ನೆಲೆಸಿರಬಹುದು. ಕುಪ್ಪೇಲೂರಿನಲ್ಲಿ ಅವರಿಗೆ ಮನೆಯಿಲ್ಲ, ಹೊಲವಿಲ್ಲ, ಆ ಊರನ್ನು ಅವರು ಕಂಡೂ ಇಲ್ಲದಿರಬಹುದು. ಆದರೂ ಅವರ ಹೆಸರು ಸುಳ್ಳಾಗುವುದಿಲ್ಲ. ಅವರ ಬಳಿ ಈಗ ಏನಿದೆಯೆಂಬುದನ್ನು ಆ ಹೆಸರು ಹೇಳುವುದಿಲ್ಲ. ಅವರ ಹಿರಿಯರು ಎಲ್ಲಿಂದ ಬಂದರೆಂಬುದನ್ನು ಹೇಳುತ್ತದೆ. ಚತುಷ್ಪಾದಿ ಎಂಬುದೂ ಅಂಥದೇ ಒಂದು ಮನೆತನದ ಹೆಸರು. ಕಾಲುಗಳ ಎಣಿಕೆ ಅದಲ್ಲ. ಕಾಲನ್ನು ಕಳೆದುಕೊಂಡ ಹಾವನ್ನು ಆ ಮನೆತನ ಹೊರಹಾಕಿಲ್ಲ. ಮುಂಗಾಲನ್ನು ರೆಕ್ಕೆಯಾಗಿಸಿಕೊಂಡ ಹಕ್ಕಿಯನ್ನೂ, ಕೈಯಾಗಿಸಿಕೊಂಡು ಲೇಖನಿ ಹಿಡಿದ ಮನುಷ್ಯನನ್ನೂ ಹೊರಹಾಕಿಲ್ಲ.

ಜೈನಾಗಮದ ಪರಿಚಯವಿರುವ ವಾಚಕರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ನಮ್ಮ ಗ್ರಂಥಗಳಲ್ಲಿಯೂ ಚತುಷ್ಪದವೆಂಬ ವರ್ಗವಿದೆ. ಆದರೆ ಅದರಲ್ಲಿ ಹಾವಿಲ್ಲ, ಹಕ್ಕಿಯಿಲ್ಲ, ಮನುಷ್ಯನಿಲ್ಲ. ಪಂಚೇಂದ್ರಿಯ ತಿರ್ಯಂಚ ಜೀವಿಗಳನ್ನು ಜಲಚರ, ಸ್ಥಲಚರ, ನಭಚರವೆಂದು ವಿಂಗಡಿಸುವುದು ಸುಪರಿಚಿತ. ಉತ್ತರಾಧ್ಯಯನ ಸೂತ್ರದ ಕೊನೆಯ ಅಧ್ಯಯನವು ಸ್ಥಲಚರಗಳಲ್ಲಿ ಚತುಷ್ಪದ ಮತ್ತು ಪರಿಸರ್ಪವೆಂದು ಎರಡು ಭೇದಗಳನ್ನು ಹೇಳುತ್ತದೆ. ಚತುಷ್ಪದಗಳನ್ನು ಪಾದದ ಲಕ್ಷಣದಿಂದಲೇ ಮತ್ತೆ ನಾಲ್ಕಾಗಿ ಬೇರ್ಪಡಿಸುತ್ತದೆ: ಕುದುರೆಯಂಥ ಒಂದು ಗೊರಸಿನವು, ಹಸುವಿನಂಥ ಎರಡು ಗೊರಸಿನವು, ಆನೆಯಂಥ ದುಂಡುಪಾದದವು, ಸಿಂಹದಂಥ ಉಗುರುಪಾದದವು. ಪರಿಸರ್ಪಗಳಲ್ಲಿ ಭುಜದಿಂದ ಚಲಿಸುವವು ಬೇರೆ, ಎದೆಯಿಂದ ತೆವಳುವ ಹಾವು ಮೊದಲಾದವು ಬೇರೆ. ಈ ವರ್ಗೀಕರಣ ಎಷ್ಟು ಸೂಕ್ಷ್ಮವಾದ ನೋಟದಿಂದ ಹುಟ್ಟಿದೆಯೆಂಬುದು ಲಾಳದ ಲೆಕ್ಕ ಬಲ್ಲವರಿಗೆ ತಿಳಿಯುತ್ತದೆ.

ಹಾಗಾದರೆ ಯಾವುದು ಸರಿ? ನಯವಾದವನ್ನು ಬಲ್ಲ ನಮಗೆ ಈ ಪ್ರಶ್ನೆ ತೊಡಕಾಗಬೇಕಾಗಿಲ್ಲ. ಆಗಮದ ವಿಂಗಡಣೆ ಜೀವಿಯ ಈಗಿನ ಶರೀರವನ್ನೂ ಚಲನೆಯನ್ನೂ ನೋಡುತ್ತದೆ. ವಿಜ್ಞಾನದ ವಿಂಗಡಣೆ ಆ ಶರೀರದ ವಂಶವನ್ನು ನೋಡುತ್ತದೆ. ಒಂದು ದೃಷ್ಟಿಯಿಂದ ಹಾವು ಉರದಿಂದ ತೆವಳುವುದು. ಇನ್ನೊಂದು ದೃಷ್ಟಿಯಿಂದ ಚತುಷ್ಪಾದಿಗಳ ಕುಲದಲ್ಲಿ ಹುಟ್ಟಿದುದು. ಎರಡೂ ತಮ್ಮ ತಮ್ಮ ಅಪೇಕ್ಷೆಯಲ್ಲಿ ಸತ್ಯ. ಆದರೆ ಒಂದು ಎಚ್ಚರ ಅಗತ್ಯ. ಜೀವವು ಕರ್ಮಾನುಸಾರ ಗತಿಯಿಂದ ಗತಿಗೆ ಸಂಚರಿಸುತ್ತದೆಂಬ ನಮ್ಮ ಸಿದ್ಧಾಂತ ಬೇರೆ, ಶರೀರಗಳು ಕೋಟ್ಯಂತರ ವರ್ಷಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬದಲಾದವೆಂಬ ವಿಜ್ಞಾನದ ನಿರೂಪಣೆ ಬೇರೆ. ಇವೆರಡನ್ನೂ ಒಂದೇ ಎಂದು ಹೇಳಿ, ವಿಜ್ಞಾನ ಈಗ ಕಂಡದ್ದನ್ನು ನಮ್ಮ ಹಿರಿಯರು ಮೊದಲೇ ಹೇಳಿದ್ದರೆಂದು ಬೀಗುವುದರಿಂದ ಆಗಮಕ್ಕೂ ಗೌರವವಿಲ್ಲ, ವಿಜ್ಞಾನಕ್ಕೂ ನ್ಯಾಯವಿಲ್ಲ. ಎರಡು ದಾರಿಗಳೂ ನಮ್ಮನ್ನು ಪ್ರಾಣಿಯ ಎದುರಿಗೆ ತಂದು ನಿಲ್ಲಿಸುತ್ತವೆ, ಅಷ್ಟು ಸಾಕು.

ಬಸದಿಗೆ ಹೋದಾಗ ತೀರ್ಥಂಕರ ಬಿಂಬದ ಪೀಠದ ಮೇಲಿನ ಲಾಂಛನಗಳನ್ನು ಒಮ್ಮೆ ಎಣಿಸಿ ನೋಡಿ. ವೃಷಭ, ಆನೆ, ಕುದುರೆ, ಕಪಿ, ಸುಮತಿನಾಥರ ಹಕ್ಕಿ, ಪುಷ್ಪದಂತರ ಮಕರ, ಖಡ್ಗಮೃಗ, ಕೋಣ, ಹಂದಿ, ಜಿಂಕೆ, ಆಡು, ಆಮೆ, ಹಾವು, ಸಿಂಹ. ಅನಂತನಾಥರ ಲಾಂಛನವನ್ನು ಕೆಲವರು ಕರಡಿಯೆಂದೂ ಕೆಲವರು ಮುಳ್ಳುಹಂದಿಯೆಂದೂ ಶ್ವೇತಾಂಬರರು ಗಿಡುಗವೆಂದೂ ಹೇಳುತ್ತಾರೆ. ಯಾವುದನ್ನು ಒಪ್ಪಿದರೂ ಅದು ಚತುಷ್ಪಾದಿಯೇ. ಮಕರವನ್ನು ಮೊಸಳೆಯೆಂದು ಹಿಡಿದರೆ, 24 ಲಾಂಛನಗಳಲ್ಲಿ 15 ಈ ಒಂದೇ ಕುಲಕ್ಕೆ ಸೇರುತ್ತವೆ. ಶಾಂತಿನಾಥ ಸ್ವಾಮಿಯ ಪೀಠದ ಜಿಂಕೆಯ ಬಳಗವೇ ನಮ್ಮ ಹೊಲಗಳಲ್ಲಿ ಓಡಾಡುವ ಚಿಗರಿ.

ಆದರೆ ಪೀಠದ ಮೇಲಿನ ಜಿಂಕೆಗೆ ಕೈಮುಗಿಯುವುದು ಸುಲಭ. ಹೊಲದಲ್ಲಿ ನಿಂತ ಚಿಗರಿಯೊಡನೆ ಬದುಕುವುದು ಸುಲಭವಲ್ಲ. ರಾಣೇಬೆನ್ನೂರಿನ ಕೃಷ್ಣಮೃಗ ವನ್ಯಧಾಮ ಘೋಷಿತವಾದದ್ದು 1974ರಲ್ಲಿ. ಅದರ ವಿಸ್ತೀರ್ಣ 119 ಚದರ ಕಿಲೋಮೀಟರು. ಚಿಗರಿಗಳಿಗೆ ಧಾಮದ ಗಡಿ ತಿಳಿಯದು. ಗೋವಿನಜೋಳ ಮೊಳಕೆಯೊಡೆದ ವಾರದಲ್ಲಿ ಹಿಂಡು ಒಂದು ರಾತ್ರಿ ಇಳಿದರೆ ರೈತನ ಬೀಜವೂ ಗೊಬ್ಬರವೂ ದುಡಿಮೆಯೂ ಹೋದಂತೆಯೇ. ಈ ನಷ್ಟವನ್ನು ಹಗುರವಾಗಿ ಕಾಣುವವನು ಅಹಿಂಸೆಯನ್ನು ಬೋಧಿಸಲು ಅರ್ಹನಲ್ಲ. ನಮ್ಮ ಹೊಲದ ಸುತ್ತ ತಂತಿಗೆ ವಿದ್ಯುತ್ ಹರಿಸಬೇಕೆಂಬ ಸಲಹೆ ನಮಗೂ ಬಂದಿತ್ತು. ಅದು ಕಾನೂನಿಗೆ ವಿರುದ್ಧವೆಂಬುದು ಒಂದು ಮಾತು. ಕೃಷ್ಣಮೃಗವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಆದರೆ ನನ್ನ ಅಣ್ಣ ಕಾನೂನಿನ ಮಾತೆತ್ತಲಿಲ್ಲ. "ಕರೆಂಟಿಗೆ ಚಿಗರಿ ಯಾವುದು, ಆಳಿನ ಮಗ ಯಾವನು ಅಂತ ಗೊತ್ತಾಗೂದಿಲ್ಲ" ಎಂದಷ್ಟೇ ಹೇಳಿ ಆ ಸಲಹೆಯನ್ನು ತಳ್ಳಿಹಾಕಿದ. ಮೊಳಕೆಯ ದಿನಗಳಲ್ಲಿ ಅಟ್ಟಣೆ ಕಟ್ಟಿ, ಸರದಿಯ ಮೇಲೆ ರಾತ್ರಿ ಕಾದೆವು. ಕೆಲವು ಸಾಲುಗಳು ಹೋದವು, ಹೆಚ್ಚಿನವು ಉಳಿದವು.

ಅದಕ್ಕಿಂತ ಕಠಿಣವಾದ ಪರೀಕ್ಷೆ ಬಂದದ್ದು 2003ರ ಬರಗಾಲದಲ್ಲಿ. ಒಂದರ ಮೇಲೊಂದು ವರ್ಷ ಮಳೆ ಕೈಕೊಟ್ಟು ಮೇವಿನ ಬಣವೆ ತಳ ಕಂಡಿತ್ತು. ಆ ಬೇಸಗೆಯಲ್ಲಿ ನಮ್ಮ ಜೋಡೆತ್ತಿನಲ್ಲಿ ಒಂದರ ಮುಂಗಾಲು ಬದುವಿನ ಕಲ್ಲುಗಳ ಸಂದಿಯಲ್ಲಿ ಸಿಕ್ಕಿ ಮುರಿಯಿತು. ಗಾಯ ಮಾಯಬಹುದು, ಆದರೆ ಮತ್ತೆ ನೊಗಕ್ಕೆ ಹೆಗಲು ಕೊಡಲಾರದೆಂದು ಪಶುವೈದ್ಯರು ಹೇಳಿದರು. ಎರಡೇ ದಿನಗಳಲ್ಲಿ ದಲ್ಲಾಳಿಯೊಬ್ಬ ಬಾಗಿಲಿಗೆ ಬಂದ. ಅವನು ಹೇಳಿದ ಬೆಲೆಯಲ್ಲಿ ಉಳಿದ ದನಗಳಿಗೆ ಮಳೆಗಾಲದವರೆಗೆ ಮೇವು ಬರುತ್ತಿತ್ತು. ಒಂದನ್ನು ಕೊಟ್ಟು ಉಳಿದವನ್ನು ಉಳಿಸಿಕೊಳ್ಳುವ ಈ ಲೆಕ್ಕ ಕ್ರೂರವೆಂದು ದೂರದಿಂದ ಹೇಳಬಹುದು. ಖಾಲಿ ಬಣವೆಯ ಮುಂದೆ ನಿಂತವನಿಗೆ ಅದು ಬರಿಯ ಕ್ರೌರ್ಯವಾಗಿ ಕಾಣುವುದಿಲ್ಲ. ಮನೆಯಲ್ಲಿ ಎರಡು ರಾತ್ರಿ ಚರ್ಚೆ ನಡೆಯಿತು. ಅಣ್ಣ ಮೌನವಾಗಿದ್ದ. ಕೊನೆಗೆ ಅವ್ವ ಹೇಳಿದ ಮಾತು ಇಷ್ಟೇ: "ದುಡಿದದ್ದು ನಾಕೂ ಕಾಲು, ಮುರಿದದ್ದು ಒಂದು. ಒಂದರ ಲೆಕ್ಕ ಹಿಡಿದು ಮೂರರ ಲೆಕ್ಕ ಮರಿತೀರೇನು?"

ಎತ್ತು ಉಳಿಯಿತು. ಅದರ ಬೆಲೆಯನ್ನೂ ನಾವು ತೆತ್ತೆವು. ವೈನಿ ತಮ್ಮ ಎರಡು ಬಳೆಗಳನ್ನು ಅಡವಿಟ್ಟರು. ಮೇವಿನ ಗಾಡಿ ಬಂತು. ಆ ವರ್ಷ ಮನೆಯಲ್ಲಿ ನಡೆಯಬೇಕಾಗಿದ್ದ ಒಂದು ಮದುವೆ ಮುಂದಕ್ಕೆ ಹೋಯಿತು. ಮೂರು ಕಾಲಿನ ಮೇಲೆ ಕುಂಟುತ್ತ ಆ ಎತ್ತು ಇನ್ನೂ ನಾಲ್ಕು ವರ್ಷ ಬದುಕಿತು. ಗೆಯ್ಮೆ ಮಾಡಲಿಲ್ಲ, ಗೊಬ್ಬರ ಕೊಟ್ಟಿತು, ಮಕ್ಕಳು ಬಂದರೆ ಕತ್ತು ಚಾಚಿತು. ಅದು ಸತ್ತ ಮೇಲೆ ಕೆಲಕಾಲದ ಬಳಿಕ ಅದರ ಮುಂಗಾಲಿನ ಮೂಳೆಗಳೂ ನನ್ನ ಪೆಟ್ಟಿಗೆಗೆ ಸೇರಿದವು. ಮುರಿದು ಕೂಡಿದ ಜಾಗದಲ್ಲಿ ದಪ್ಪನೆಯ ಗಂಟಿತ್ತು. ಹಾವಿನ ಪ್ರಶ್ನೆ ಕೇಳುವ ಮಕ್ಕಳಿಗೆ ಮುಂದಿನ ವರ್ಷಗಳಲ್ಲಿ ಆ ಮೂಳೆಯನ್ನೂ ತೋರಿಸುತ್ತಿದ್ದೆ. ಮೂರು ಕಾಲಿನ ಎತ್ತು ಚತುಷ್ಪಾದಿ ಹೌದೋ ಅಲ್ಲವೋ ಎಂದು ಕೇಳಿದರೆ, ಯಾವ ಮಗುವೂ ಅಲ್ಲವೆನ್ನುತ್ತಿರಲಿಲ್ಲ. ಆ ಉತ್ತರದಿಂದ ಹಾವಿನವರೆಗೆ ಹೋಗಲು ಅವರಿಗೆ ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ.

ಇದರಿಂದ ತಿಳಿಯಬೇಕಾದುದು ಇಷ್ಟು. ಪ್ರಾಣಿಯ ಮೇಲಿನ ನಮ್ಮ ದಯೆ ಬಹಳ ಸಲ ಅದರ ಉಪಯೋಗದ ಮೇಲೆ ನಿಂತಿರುತ್ತದೆ. ಗೆಯ್ಯುವ ಎತ್ತಿಗೆ ಪೂಜೆ, ಕರೆಯುವ ಹಸುವಿಗೆ ಮೇವು, ಇಲಿ ಹಿಡಿಯುವ ಕೇರೆಹಾವಿಗೆ ಮಾತ್ರ ಕೋಲು. ಏಕೆಂದರೆ ಅದರ ಉಪಕಾರ ನಮಗೆ ಕಾಣುವುದಿಲ್ಲ. ವಿಜ್ಞಾನವು ಕೊಟ್ಟ ಈ ಹೆಸರು ಉಪಯೋಗವನ್ನು ಕೇಳುವುದಿಲ್ಲ, ಅಂಗ ಪೂರ್ಣವಿದೆಯೇ ಎಂದೂ ಕೇಳುವುದಿಲ್ಲ. ಕುಲವನ್ನು ಮಾತ್ರ ನೆನೆಯುತ್ತದೆ. ನಮ್ಮ ದಯೆ ಅದಕ್ಕಿಂತ ಕಿರಿದಾಗಬಾರದು.

ಅಹಿಂಸೆಯ ಪ್ರಶ್ನೆಯಲ್ಲಿ ಸಂಸ್ಥೆಗಳು ಮಾಡಬಹುದಾದ ಕಾರ್ಯ ವ್ಯಕ್ತಿಗಳ ಕಾರ್ಯಕ್ಕಿಂತ ದೊಡ್ಡದು. ಜಮೀನುಗಳಿರುವ ಬಸದಿ ಟ್ರಸ್ಟುಗಳು ಗುತ್ತಿಗೆಯ ಪತ್ರದಲ್ಲಿ ಬೇಲಿಗೆ ವಿದ್ಯುತ್ ಹರಿಸಬಾರದೆಂಬ ಒಂದು ಸಾಲನ್ನು ಸೇರಿಸಲಿ. ಅದರೊಡನೆಯೇ, ಕಾಡುಪ್ರಾಣಿಗಳಿಂದ ಬೆಳೆ ಹಾನಿಯಾದ ವರ್ಷ ಗುತ್ತಿಗೆಯ ಹಣದಲ್ಲಿ ರಿಯಾಯಿತಿ ಕೊಡುವ ಮತ್ತೊಂದು ಸಾಲನ್ನೂ ಸೇರಿಸಲಿ. ಎರಡನೆಯದಿಲ್ಲದೆ ಮೊದಲನೆಯದನ್ನು ಮಾತ್ರ ಬರೆದರೆ ಅಹಿಂಸೆಯ ಭಾರವನ್ನೆಲ್ಲ ಬಡ ಗೇಣಿದಾರನ ಹೆಗಲಿಗೆ ಹೊರಿಸಿದಂತಾಗುತ್ತದೆ. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಪಡೆಯಲು ಅವಕಾಶವಿದೆ. ಅರ್ಜಿ ಬರೆಯಲು ತಿಳಿಯದವರಿಗೆ ಟ್ರಸ್ಟಿನ ಕಚೇರಿ ನೆರವಾಗಲಿ. ಒಳ್ಳೆಯ ಮಳೆಯಾದ ವರ್ಷ ಬಸದಿಯ ಜಮೀನಿನ ಮೇವಿನಲ್ಲಿ ಒಂದು ಬಣವೆಯನ್ನು ಕಟ್ಟಿಟ್ಟರೆ, ಮುಂದಿನ ಬರದಲ್ಲಿ ಊರಿನ ಯಾವುದೋ ಒಂದು ಕುಂಟೆತ್ತು ದಲ್ಲಾಳಿಯ ಕೈಸೇರದೆ ಉಳಿಯುತ್ತದೆ.